ಅಡಿಕೆ ಹಣ, ಮಳೆಗಾಲದ ಬಾಡಿಗೆ: ಶಿವಮೊಗ್ಗ–ಭದ್ರಾವತಿಯಲ್ಲಿ ಸಣ್ಣ ವ್ಯಾಪಾರದ ವರ್ಷದ ಲೆಕ್ಕ

ಶಿವಮೊಗ್ಗ, ಭದ್ರಾವತಿಯ ಸಣ್ಣ ವ್ಯಾಪಾರ ಒಂದೇ ಕಾಲಕ್ಕೆ ಮೂರು ವರ್ಷಗಳಲ್ಲಿ ನಡೆಯುತ್ತದೆ. ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಳೆಯ ಅಂಗಡಿಗಳ ಪುಸ್ತಕದ ವರ್ಷ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿದಾಗ ಹುಟ್ಟುತ್ತದೆ. ಮೂರನೆಯದು ಅಡಿಕೆಯ ವರ್ಷ. ಆಡಿಟರು ಕೇಳುವುದು ಮೊದಲನೆಯದನ್ನು, ಗಲ್ಲಾಪೆಟ್ಟಿಗೆ ನಡೆಯುವುದು ಮೂರನೆಯದರಂತೆ. ವರ್ಷದ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಬಜೆಟ್ ಬರೆಯುವ ಪದ್ಧತಿ ಈ ಎರಡು ಊರುಗಳಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಹಣ ಬರುವ ಕಾಲವನ್ನು ಮೊದಲು ಗುರುತಿಸಬೇಕು. ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಹೆಚ್ಚುಕಡಿಮೆ ಅಕ್ಟೋಬರಿನಲ್ಲಿ ಆರಂಭವಾಗಿ ಹೊಸ ವರ್ಷದ ಮೊದಲ ತಿಂಗಳುಗಳವರೆಗೆ ನಡೆಯುತ್ತದೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಶಿವಮೊಗ್ಗದ ಎಪಿಎಂಸಿ ಯಾರ್ಡಿಗೋ ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೋ ಬರುತ್ತದೆ. ಆದರೆ ಕೊಯ್ದ ತಕ್ಷಣ ಮಾರುವ ಬೆಳೆಗಾರರು ಎಲ್ಲರೂ ಅಲ್ಲ. ಫಸಲನ್ನು ಮರದಲ್ಲಿರುವಾಗಲೇ ಖೇಣಿ ಕೊಟ್ಟವರ ಕೈಗೆ ಹಣ ಮುಂಚೆ ಬರುತ್ತದೆ. ಅನುಕೂಲಸ್ಥರು ಚೀಲಗಳನ್ನು ಅಟ್ಟದಲ್ಲಿಟ್ಟು ದರ ಏರುವುದನ್ನು ಕಾಯುತ್ತಾರೆ. ಹಾಗಾಗಿ ಗಾಂಧಿ ಬಜಾರಿನ ಬಟ್ಟೆ ಅಂಗಡಿಗೂ ದುರ್ಗಿಗುಡಿಯ ಪಾತ್ರೆ ಅಂಗಡಿಗೂ ಅಡಿಕೆ ಹಣ ದೀಪಾವಳಿಯಿಂದ ಮೇ ತಿಂಗಳ ಮದುವೆಗಳವರೆಗೆ ಕಂತು ಕಂತಾಗಿ ಹರಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆಯ ಗಿರಾಕಿ ತುರ್ತಿಲ್ಲದೆ ಬಸ್ಸು ಹತ್ತುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ. ಗೌರಿ–ಗಣೇಶ ಹಬ್ಬಕ್ಕೆ ಒಂದಿಷ್ಟು ಚೇತರಿಸಿಕೊಂಡ ವ್ಯಾಪಾರ ಪಿತೃಪಕ್ಷದಲ್ಲಿ ಮತ್ತೆ ಕುಸಿಯುತ್ತದೆ.

ಭದ್ರಾವತಿಯ ಕಥೆ ಬೇರೆ, ಬಜೆಟ್ ಮಾಡುವವರು ಓದಬೇಕಾದ ಕಥೆಯೂ ಹೌದು. 1918ರಲ್ಲಿ ಕಟ್ಟಲು ತೊಡಗಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಅದು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ (ವಿಐಎಸ್‌ಎಲ್) ಆಯಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಎರಡು ಕಾರ್ಖಾನೆಗಳ ಸಂಬಳದ ದಿನವೇ ಊರಿನ ಅಂಗಡಿಗಳ ಪಂಚಾಂಗವಾಗಿತ್ತು. ತಿಂಗಳಿಡೀ ಪುಸ್ತಕದಲ್ಲಿ ಬರೆಸಿ ದಿನಸಿ ಒಯ್ದವರು ಸಂಬಳವಾದ ವಾರದಲ್ಲಿ ಬಾಕಿ ತೀರಿಸುತ್ತಿದ್ದರು. ದೀಪಾವಳಿ ಬೋನಸ್ಸು ಸೈಕಲ್, ಮಿಕ್ಸಿ, ಸೀರೆಯಾಗಿ ಬಜಾರಿಗೆ ಬರುತ್ತಿತ್ತು. ಮಳೆ ಬಂದರೂ ಬಾರದಿದ್ದರೂ ತಿಂಗಳ ಆದಾಯ ಸರಿಸುಮಾರು ಸಮವಾಗಿದ್ದ ಊರು ಅದು. ಅಲ್ಲಿ ಹನ್ನೆರಡರಿಂದ ಭಾಗಿಸಿದ ಬಜೆಟ್ ಹೊಂದುತ್ತಿತ್ತು. 2015ರಲ್ಲಿ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. 1998ರಲ್ಲಿ ವಿಐಎಸ್‌ಎಲ್ ಅನ್ನು ತನ್ನೊಳಗೆ ಸೇರಿಸಿಕೊಂಡಿದ್ದ ಭಾರತೀಯ ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಪ್ರಕಟಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಭಾಗಶಃ ಉತ್ಪಾದನೆ ಮತ್ತೆ ಶುರುವಾಯಿತು. ಈ ನಡುವೆ ಊರಿನ ಹಣದ ಗತಿ ಬದಲಾಗಿದೆ. ಭದ್ರಾ ನಾಲೆಯ ಭತ್ತ, ಸುತ್ತಲಿನ ಅಡಿಕೆ ತೋಟ, ನಿವೃತ್ತರ ಪಿಂಚಣಿ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ದುಡಿಮೆ ಇವೆಲ್ಲ ಸೇರಿ ಈಗಿನ ಬಜಾರನ್ನು ನಡೆಸುತ್ತಿವೆ. ಗಿರಾಕಿ ಅದೇ ಮನೆಯವನಾದರೂ ಅವನ ಹಣ ಬರುವ ತಾರೀಖು ಬೇರೆ. ಅದನ್ನು ಗಮನಿಸದೆ ಹಳೆಯ ರೀತಿಯಲ್ಲೇ ತಿಂಗಳ ಉದ್ರಿ ಕೊಟ್ಟ ಅಂಗಡಿಗಳಲ್ಲಿ ಬಾಕಿ ಪುಸ್ತಕ ದಪ್ಪವಾಯಿತು.

ಆದಾಯದ ಏರಿಳಿತ ಏನು ಮಾಡುತ್ತದೆಂಬುದನ್ನು ಒಂದು ಊಹೆಯ ಲೆಕ್ಕದಿಂದ ತೋರಿಸಬಹುದು. ವರ್ಷಕ್ಕೆ 60 ಲಕ್ಷ ರೂಪಾಯಿ ವ್ಯಾಪಾರದ ಒಂದು ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳೋಣ. ನೂರಕ್ಕೆ 16 ಉಳಿದರೆ ತಿಂಗಳ ಸರಾಸರಿ 80,000. ಬಾಡಿಗೆ 15,000, ಇಬ್ಬರು ಹುಡುಗರ ಸಂಬಳ 26,000, ಕರೆಂಟು, ಫೋನು, ಸಾಗಣೆ 6,000, ಬ್ಯಾಂಕ್ ಬಡ್ಡಿ 8,000, ಮನೆಗೆ 25,000. ಕೂಡಿದರೆ 80,000, ಸರಿಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾಪಾರ ತಿಂಗಳಿಗೆ 3 ಲಕ್ಷಕ್ಕೆ ಇಳಿದರೆ ಉಳಿಯುವುದು 48,000, ಕೊರತೆ 32,000. ನಾಲ್ಕು ತಿಂಗಳಿಗೆ 1,28,000. ಮಿಕ್ಕ ಎಂಟು ತಿಂಗಳಲ್ಲಿ ವ್ಯಾಪಾರ 6 ಲಕ್ಷವಾಗಿ ತಿಂಗಳಿಗೆ 16,000 ಹೆಚ್ಚು ಉಳಿಯುತ್ತದೆ. ಅದರ ಮೊತ್ತವೂ 1,28,000. ಅಂಗಡಿ ನಷ್ಟದಲ್ಲಿಲ್ಲ. ಆದರೂ ಜನವರಿಯಲ್ಲಿ ಕೈಯಲ್ಲಿದ್ದ 16,000 ಲಾಭವೆಂದು ಖರ್ಚಾದರೆ ಆಗಸ್ಟಿನಲ್ಲಿ ಬಾಡಿಗೆಗೆ ಬಡ್ಡಿ ಸಾಲ ತೆಗೆಯಬೇಕಾಗುತ್ತದೆ. ಸಾಲದ ಬಡ್ಡಿ ಮಾತ್ರ ನಿಜವಾದ ನಷ್ಟ.

16,000ವನ್ನು ದಿನಕ್ಕೆ ಹಂಚಿದರೆ ಸುಮಾರು 530. ಇಷ್ಟನ್ನು ಎತ್ತಿಡಲು ಕರಾವಳಿ, ಮಲೆನಾಡಿನ ಬಜಾರುಗಳಲ್ಲಿ ಪಿಗ್ಮಿಗಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಏಜೆಂಟರೇ ಅಂಗಡಿಗೆ ಬಂದು ಹಣ ಒಯ್ಯುತ್ತಾರೆ. ಬಡ್ಡಿ ಕಡಿಮೆ, ಅವಧಿಗೆ ಮುಂಚೆ ತೆಗೆದರೆ ಕಡಿತವೂ ಉಂಟು. ಈ ಕಡಿತವೇ ಅದರ ಗುಣ. ಅಡಚಣೆಯಿಲ್ಲದೆ ತೆಗೆಯಬಹುದಾದ ಹಣ ಮಳೆಗಾಲದವರೆಗೆ ಉಳಿಯುವುದಿಲ್ಲ. ಒಂದು ಎಚ್ಚರ ಬೇಕು: ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ, ಪತ್ತಿನ ಸಹಕಾರ ಸಂಘಗಳ ಮತ್ತು ಸೌಹಾರ್ದ ಸಹಕಾರಿಗಳ ಠೇವಣಿಗೆ ಅದು ಇಲ್ಲ. ಚೀಟಿ ಹಾಕುವವರೂ ಬಹಳ ಜನ. ಜುಲೈನಲ್ಲಿ ಹಣ ಬೇಕೆಂದು ಹೆಚ್ಚು ಬಿಟ್ಟು ಚೀಟಿ ಕೂಗುವುದು ದುಬಾರಿ ಸಾಲ ತೆಗೆದಂತೆಯೇ.

ಮನೆಗೆ ಒಯ್ಯುವ ಮೊತ್ತ ತಿಂಗಳಿಗೆ ಇಷ್ಟೇ ಎಂದು ನಿಗದಿಯಾಗಿರಬೇಕು. ಇದು ಎಲ್ಲರಿಗೂ ಗೊತ್ತಿರುವ, ಬಹುತೇಕ ಯಾರೂ ಪಾಲಿಸದ ನಿಯಮ. ಮೇ, ಜೂನ್‌ನಲ್ಲಿ ಶಾಲೆ ಫೀಸು ಬರುತ್ತದೆ. ಮಳೆಗಾಲದ ಸರಕು ತುಂಬುವುದೂ ಅದೇ ಹೊತ್ತಿಗೆ: ಟಾರ್ಪಾಲು, ಛತ್ರಿ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ. ಎರಡಕ್ಕೂ ಒಂದೇ ಗಲ್ಲಾಕ್ಕೆ ಕೈ ಹಾಕಿದರೆ ಸೋಲುವುದು ಸರಕು. ಮುಂಗಡ ಖರೀದಿಯಲ್ಲಿ ಸಗಟು ವ್ಯಾಪಾರಿ ಕೊಡುವ ರಿಯಾಯಿತಿ ಚೆನ್ನಾಗಿ ಕಂಡರೂ, ಮಲೆನಾಡಿನ ಶೀತಕ್ಕೆ ಗಟ್ಟಿಯಾಗುವ ಸಿಮೆಂಟು, ತುಕ್ಕು ಹಿಡಿಯುವ ಮೊಳೆಯನ್ನು ಜೂನ್‌ಗೆ ಮುನ್ನ ರಾಶಿ ಹಾಕುವುದು ಜಾಣತನವಲ್ಲ.

ಉದ್ರಿ ಇಲ್ಲದ ವ್ಯಾಪಾರ ಇಲ್ಲಿ ಸಾಧ್ಯವಿಲ್ಲ. ಈ ಲೇಖಕರು ಕಂಡ ಅಂಗಡಿಗಳಲ್ಲಿ ಉಳಿದುಕೊಂಡವು ಉದ್ರಿ ನಿಲ್ಲಿಸಿದವಲ್ಲ, ಬಾಕಿಯನ್ನು ಗಿರಾಕಿಯ ಕಸುಬಿನಂತೆ ಬೇರೆ ಬೇರೆ ಪುಟಕ್ಕೆ ಹಾಕಿದವು. ಸಂಬಳದವರ ಬಾಕಿ ಬರುವ ತಿಂಗಳಿನ ಆದಾಯದಲ್ಲಿ, ಭತ್ತದವರದು ಕೊಯ್ಲಿನ ನಂತರದ ತಿಂಗಳಿನಲ್ಲಿ ಸೇರುತ್ತದೆ. ‘ಅಡಿಕೆ ಮಾರಿದ ಮೇಲೆ’ ಎಂದವರ ಬಾಕಿಯನ್ನು ಬಜೆಟ್ಟಿನ ಆದಾಯದಲ್ಲಿ ಸೇರಿಸದಿರುವುದೇ ಕ್ಷೇಮ, ಏಕೆಂದರೆ ಅದರ ತಾರೀಖು ಅವರಿಗೂ ಗೊತ್ತಿರುವುದಿಲ್ಲ. ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪುಗಳಿಗೆ ಕಾನೂನಿನ ಆಸರೆ ಉಂಟು. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉತ್ಪಾದಕರಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. 2023–24ರ ಲೆಕ್ಕವರ್ಷದಿಂದ, ಆ ಗಡುವು ಮೀರಿದ ಮೊತ್ತವನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಬರೀ ಕೊಂಡು ಮಾರುವ ಅಂಗಡಿಗೆ ಉದ್ಯಮ್ ನೋಂದಣಿ ಇದ್ದರೂ ಈ ಅನುಕೂಲ ಸಿಗದು.

ತೆರಿಗೆಯ ಹಣ ಅಂಗಡಿಯದಲ್ಲ. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಒಂದೂವರೆ ಕೋಟಿವರೆಗೆ ರಾಜಿ ತೆರಿಗೆ ಪದ್ಧತಿ ಆರಿಸಿಕೊಳ್ಳಬಹುದು, ಅದರಲ್ಲಿ ವ್ಯಾಪಾರಿಗೆ ನೂರಕ್ಕೆ 1. ಗಿರಾಕಿಯಿಂದ ಅದನ್ನು ವಸೂಲು ಮಾಡುವಂತಿಲ್ಲ. ಮೇಲಿನ ಹಾರ್ಡ್‌ವೇರ್ ಅಂಗಡಿಗೆ ಇದು ವರ್ಷಕ್ಕೆ 60,000, ಅಂದರೆ ಮನೆಗೆ ಒಯ್ಯುವ 25,000 ನಿಜದಲ್ಲಿ 20,000. ತ್ರೈಮಾಸಿಕದ ತೆರಿಗೆ ಮುಂದಿನ ತಿಂಗಳ 18ಕ್ಕೆ ಕಟ್ಟಬೇಕು: ಏಪ್ರಿಲ್, ಮೇ ತಿಂಗಳ ಒಳ್ಳೆಯ ವ್ಯಾಪಾರದ ತೆರಿಗೆ ಬಂದು ನಿಲ್ಲುವುದು ಜುಲೈನ ಜಡಿಮಳೆಯಲ್ಲಿ. ಮಾರಿದ ದಿನವೇ ಬೇರೆ ಖಾತೆಗೆ ಹಾಕದಿದ್ದರೆ ಆ ಹಣ ಸಿಗುವುದಿಲ್ಲ. ಮನೆಯ ಹಣಕ್ಕೂ ಅಂಗಡಿಗೂ ಒಂದೇ ಕ್ಯೂಆರ್ ಕೋಡ್ ಇಟ್ಟುಕೊಂಡರೆ ಎಂಥ ಗೊಂದಲ ಎದುರಾಗಬಹುದೆಂದು 2025ರ ಜುಲೈನಲ್ಲಿ, ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬಹಳ ಜನಕ್ಕೆ ತಿಳಿಯಿತು.

ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಮಳೆಗಾಲ ದಾಟಿಸಲು ಒದಗುತ್ತದೆ, ಆದರೆ ಅದರ ಅಳತೆ ಬೇರೆ. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಸೂತ್ರದಂತೆ ಅಂದಾಜು ವಹಿವಾಟಿನ ಕಾಲುಭಾಗವನ್ನು ದುಡಿಯುವ ಬಂಡವಾಳವೆಂದು ಹಿಡಿದು, ವಹಿವಾಟಿನ ನೂರಕ್ಕೆ 20ರಷ್ಟನ್ನು ಬ್ಯಾಂಕ್ ಕೊಡುತ್ತದೆ, 5ರಷ್ಟನ್ನು ಮಾಲೀಕರು ಹಾಕಬೇಕು. 60 ಲಕ್ಷಕ್ಕೆ 12 ಮತ್ತು 3 ಲಕ್ಷ. ಹಾಕಿದ ಹಣ ಮೂರು ತಿಂಗಳಲ್ಲಿ ಸುತ್ತಿ ಬರುತ್ತದೆಂಬುದು ಇದರ ಹಿಂದಿನ ಎಣಿಕೆ. ಸರಕಿನಲ್ಲೂ ಉದ್ರಿಯಲ್ಲೂ ಐದಾರು ತಿಂಗಳು ಹಣ ಕೂರುವ ಅಂಗಡಿಗೆ ಈ ಮಿತಿ ಸಾಲದು. ಮಿತಿ ಹೆಚ್ಚಿಸಲು ಓಡಾಡುವ ಮುನ್ನ ಕೂತ ಸರಕನ್ನು ಹೊರಹಾಕುವುದು ಸುಲಭ.

ಕಳೆದ ವರ್ಷದೊಡನೆ ಹೋಲಿಸುವಾಗ ತಿಂಗಳಿಗೆ ತಿಂಗಳು ಹೋಲಿಸಿದರೆ ಎಡವಟ್ಟಾಗುತ್ತದೆ. ದೀಪಾವಳಿ 2023ರಲ್ಲಿ ನವೆಂಬರ್ 12ರ ಆಸುಪಾಸು, 2025ರಲ್ಲಿ ಅಕ್ಟೋಬರ್ 20ರ ಆಸುಪಾಸು ಬಂತು. ಅಕ್ಟೋಬರ್ ವ್ಯಾಪಾರ ಜಿಗಿದದ್ದಕ್ಕೆ ಅಂಗಡಿಯ ಸಾಮರ್ಥ್ಯ ಕಾರಣವಲ್ಲ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022 ಮತ್ತು 2024ರ ಮಾರ್ಚ್‌ನಲ್ಲಿ ನಡೆಯಿತು. ಜಾತ್ರೆಯ ವರ್ಷದ ಅಂದಾಜಿಗೆ ಹಿಂದಿನ ಜಾತ್ರೆಯ ಪುಸ್ತಕ ತೆಗೆಯಬೇಕು, ಕಳೆದ ವರ್ಷದ್ದಲ್ಲ. ಅಧಿಕ ಮಾಸವೂ ಹೀಗೆಯೇ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬೀಳುತ್ತದೆ. ಆ ದಿನಗಳಲ್ಲಿ ಮದುವೆ ಇಟ್ಟುಕೊಳ್ಳುವವರು ವಿರಳ. ಬಟ್ಟೆ, ಪಾತ್ರೆ, ಶಾಮಿಯಾನದವರ ಮೇ ತಿಂಗಳ ಅಂದಾಜು ಅರ್ಧಕ್ಕಿಳಿಯುತ್ತದೆ, ಮಳೆಗಾಲದ ಕೊರತೆ ಅಷ್ಟರಮಟ್ಟಿಗೆ ಬೇಗ ಶುರುವಾಗುತ್ತದೆ, ಪಿಗ್ಮಿಯ ದಿನದ ಮೊತ್ತವನ್ನು ಡಿಸೆಂಬರಿನಿಂದಲೇ ಏರಿಸಬೇಕಾಗುತ್ತದೆ.