ಬ್ಯಾಟರಿ ಗರಗಸ ಕೊಳ್ಳುವ ಮುನ್ನ ಈ ಲೆಕ್ಕ ಹಾಕಿ

ಚಿದ್ರಿಯ ನಮ್ಮ ಹೊಲದ ಬದುವಿನಲ್ಲಿ ಜಾಲಿ ಕಡಿಯಲು ಆನ್‌ಲೈನ್‌ನಲ್ಲಿ ‘48 ವೋಲ್ಟ್’ ಗರಗಸ ತರಿಸಿದ್ದೆ. ಏಳೇ ನಿಮಿಷಕ್ಕೆ ನಿಂತುಬಿಡ್ತು. ಸೋಯಾ ಮಾರಿದ ದುಡ್ಡು ಹೋಯ್ತು! ರಿಪೇರಿಯವರು ಬ್ಯಾಟರಿ ಬಿಚ್ಚಿದರೆ ಒಳಗೆ ಐದೇ ಸೆಲ್.

ಒಂದು ಲಿಥಿಯಂ-ಅಯಾನ್ ಸೆಲ್ ಸುಮಾರು 3.6 ವೋಲ್ಟ್, ಸಾಲಾಗಿ ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದಕ್ಕೆ 4.2ರಂತೆ 21. ಅಂದರೆ ಐದು ಸೆಲ್‌ಗೆ 18, 20, 21 ಏನೇ ಬರೆದರೂ ಒಂದೇ; 48 ಸಾಧ್ಯವೇ ಇಲ್ಲ.

ನೀವು ನೋಡಬೇಕಾದ್ದು ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ: 18×2=36, 18×4=72. ಗರಗಸ 300 ವ್ಯಾಟ್ ಎಳೆದರೆ ಮೊದಲನೆಯದು ಸುಮಾರು 7 ನಿಮಿಷ, ಎರಡನೆಯದು 14 ನಿಮಿಷ ಓಡುತ್ತೆ. ಆಂಪಿಯರ್-ಅವರ್ ಬರೆಯದ ಬ್ಯಾಟರಿ ಎಷ್ಟೇ ಅಗ್ಗವಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.