ರೋಗಸ್ಥರ ಹಾಸಿಗೆಬಟ್ಟೆಗಳ ವಿಷಯವಾದ ಪಾಠ

ಓದತಕ್ಕ ಭಾಗಗಳು: ಯಾಜಕಕಾಂಡ ೧೩:೪೭–೫೯, ೧೫:೪–೧೨, ಮಾರ್ಕ ೭:೧–೨೩.

ಆನೆಕೊಂಡದಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಒಬ್ಬರು ಕಾಯಿಲೆ ಬಿದ್ದು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಸೇರಿದರೆ, ಮನೆಯವರೂ ಸಭೆಯವರೂ ಕೂಡಿ ನೋಡಹೋಗುತ್ತೇವೆ. ಇದು ಒಳ್ಳೇದೇ. ಆದರೆ ಹೋದವರು ಮಂಚದ ಅಂಚಿನಲ್ಲಿ ಕೂತುಕೊಂಡು, ಎಳೆಕೂಸನ್ನು ರೋಗಿಯ ಹೊದಿಕೆಯ ಮೇಲೆ ಮಲಗಿಸುತ್ತಾರೆ. ರಾತ್ರಿ ವಾರ್ಡಿನ ನೆಲದ ಮೇಲೆ ಹಾಸಿದ ಕಂಬಳಿಯನ್ನೇ ಮರುದಿನ ಮನೆಗೆ ತಂದು ಮಕ್ಕಳಿಗೆ ಹೊದಿಸುತ್ತಾರೆ. ದಾದಿಯು ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಯಾಕಂದರೆ "ಮುಟ್ಟಬೇಡ, ದೂರ ನಿಲ್ಲು" ಎಂಬ ಮಾತನ್ನು ನಮ್ಮ ಹಿರಿಯರು ಬಾವಿಯ ಬಳಿಯಲ್ಲಿಯೂ ಗುಡಿಯ ಮುಂದೆಯೂ ಬೇಕಾದಷ್ಟು ಕೇಳಿದ್ದಾರೆ. ಮಡಿ ಮೈಲಿಗೆಯನ್ನು ಬಿಟ್ಟು ಕ್ರಿಸ್ತನ ಬಳಿಗೆ ಬಂದವರಿಗೆ ಅದು ಹಳೇ ಗಾಯವನ್ನು ಕೆದಕಿದ ಹಾಗೆ. ಕೈತೊಳೆಯುವ ಫರಿಸಾಯರನ್ನು ಕರ್ತನು ಗದರಿಸಲಿಲ್ಲವೋ ಎಂದು ಕೇಳುವವರೂ ಉಂಟು. ಗದರಿಸಿದ್ದು ನಿಜ; ಹಿರಿಯರ ಸಂಪ್ರದಾಯವನ್ನು ಹಿಡಿದು ದೇವರ ಆಜ್ಞೆಯನ್ನು ಬಿಟ್ಟದ್ದಕ್ಕಾಗಿ ಗದರಿಸಿದನು, ನೀರು ಬಳಸಿದ್ದಕ್ಕಾಗಿ ಅಲ್ಲ. ಮೈಲಿಗೆಯು ಮನುಷ್ಯನ ಹುಟ್ಟನ್ನು ನೋಡುತ್ತದೆ. ರೋಗಾಣುವು ಹುಟ್ಟನ್ನು ನೋಡುವದಿಲ್ಲ. ವೈದ್ಯರ ಅಂಗಿಯ ತೋಳಿನಲ್ಲಿಯೂ ಕೂತಿರುತ್ತದೆ. ದಾದಿಯ ಮಾತು ನಿಮ್ಮನ್ನು ಕುರಿತದ್ದಲ್ಲ, ಬಟ್ಟೆಯನ್ನು ಕುರಿತದ್ದು.

ಯಾಜಕಕಾಂಡದ ನೇಮಗಳು ಇಸ್ರಾಯೇಲ್ಯರ ಆರಾಧನೆಗೆ ಸೇರಿದವು, ನಮ್ಮನ್ನು ಕಟ್ಟುವದಿಲ್ಲ. ಆದರೂ ಅಲ್ಲಿಯ ಜಾಗ್ರತೆಯನ್ನು ಗಮನಿಸಿರಿ. ಗುರುತು ಬಿದ್ದ ಬಟ್ಟೆಯನ್ನು ಯಾಜಕನು ಏಳು ದಿನ ಪ್ರತ್ಯೇಕವಾಗಿಡಿಸಿ ತಿರಿಗಿ ನೋಡುತ್ತಾನೆ. ಹಾಸುಹೊಕ್ಕುಗಳಲ್ಲಿ ಹಬ್ಬಿದ್ದರೆ ಸುಡಿಸುತ್ತಾನೆ, ಇಲ್ಲವಾದರೆ ಒಗಿಸುತ್ತಾನೆ. ಸ್ರಾವರೋಗಿ ಮುಟ್ಟಿದ ಮಣ್ಣಿನ ಪಾತ್ರೆಯನ್ನು ಒಡೆಯಬೇಕು, ಮರದ್ದನ್ನು ತೊಳೆಯಬೇಕು. ವಸ್ತುವಿಗೆ ತಕ್ಕ ವಿಧಿ. ಇಂದಿನ ಆಸ್ಪತ್ರೆಯ ಕ್ರಮವೂ ಹಾಗೆಯೇ.

ಹತ್ತಿಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ನೂಲಿನ ಸಂದುಗಳನ್ನು ವಿವರಿಸಬೇಕಾಗಿಲ್ಲ. ೨೦೦೦ನೆಯ ಇಸವಿಯಲ್ಲಿ ಪ್ರಕಟವಾದ ಅಮೇರಿಕಾದ ಒಂದು ಪರೀಕ್ಷೆಯಲ್ಲಿ, ಆಸ್ಪತ್ರೆಯ ಬಟ್ಟೆ ಪ್ಲಾಸ್ಟಿಕ್ಕುಗಳ ಮೇಲೆ ಇಟ್ಟ ರೋಗಾಣುಗಳು ಕನಿಷ್ಠ ಒಂದು ದಿನ ಬದುಕಿದವು. ಕೆಲವು ೯೦ ದಿನ ದಾಟಿದರೂ ಸಾಯಲಿಲ್ಲ.

ಆದಕಾರಣ ಹೊಲಸಾದ ಹಾಸಿಗೆಬಟ್ಟೆಯನ್ನು ಕೊಡವಬಾರದು. ಕೊಡವಿದರೆ ರೋಗಾಣು ಗಾಳಿಗೆ ಏಳುತ್ತದೆ. ಎದೆಗೆ ಅವುಚಿಕೊಂಡು ಹೊರಬಾರದು. ಹೊಲಸು ಒಳಗಾಗುವಂತೆ ಸುತ್ತಿ ಚೀಲಕ್ಕೆ ಹಾಕಬೇಕು. ದೊಡ್ಡ ಆಸ್ಪತ್ರೆಗಳ ಯಂತ್ರಗಳಲ್ಲಿ ಇಂಥ ಬಟ್ಟೆಯನ್ನು ೭೧ ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ೨೫ ನಿಮಿಷ ಒಗೆಯುವ ವಿಧಿಯುಂಟು. ನಮ್ಮ ಮನೆಗಳಲ್ಲಿ ಹಂಡೆಯಲ್ಲಿ ಕುದಿಸಿ, ಸಾಬೂನು ಹಚ್ಚಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದರೆ ಸಾಕು. ಕಂಬಳಿಯನ್ನು ಕುದಿಸಿದರೆ ಕುಗ್ಗಿ ಕೆಡುತ್ತದೆ. ಆಸ್ಪತ್ರೆಗೆ ಹತ್ತಿಯ ಜಮಖಾನವನ್ನೇ ಒಯ್ಯಿರಿ.

ಮಂಚದ ಸರಳು, ಔಷಧವಿಡುವ ಸ್ಟೂಲು, ಬಾಗಿಲ ಹಿಡಿ, ಇವುಗಳನ್ನು ಮೊದಲು ಸಾಬೂನು ನೀರಿನಿಂದ ಒರಸಿ, ಆಮೇಲೆ ಔಷಧ ಹಚ್ಚಬೇಕು. ಕೊಳೆಯ ಮೇಲೆಯೇ ಹೊಯ್ದ ಬ್ಲೀಚಿಂಗ್ ನೀರಿನ ಬಲವು ಕೊಳೆಯಲ್ಲಿಯೇ ತೀರಿಹೋಗುತ್ತದೆ. ರಕ್ತ ಬಿದ್ದರೆ ನೀವು ಒರಸದೆ ವಾರ್ಡಿನವರನ್ನು ಕರೆಯಿರಿ. ಅದಕ್ಕೆ ನೂರಕ್ಕೆ ಒಂದು ಪಾಲು ಬಲವುಳ್ಳ ಹೈಪೋಕ್ಲೋರೈಟ್ ದ್ರವವೂ ಕೈಚೀಲಗಳೂ ಅವರಲ್ಲಿರುತ್ತವೆ.

ಪ್ರಾರ್ಥಿಸುವಾಗ ರೋಗಿಯನ್ನು ಮುಟ್ಟಬೇಡಿರೆಂದು ಹೇಳುವದಿಲ್ಲ. ಕುಷ್ಠರೋಗಿಯನ್ನು ಮುಟ್ಟಿದ ಕರ್ತನ ಶಿಷ್ಯರು ನಾವು. ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈತೊಳೆಯಿರಿ, ಮಂಚದ ಪಕ್ಕದಲ್ಲಿ ನಿಂತೇ ಪ್ರಾರ್ಥಿಸಿರಿ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು: ಮೈಲಿಗೆಗೂ ರೋಗಾಣುವಿಗೂ ಭೇದವೇನು? ಆಸ್ಪತ್ರೆಯಿಂದ ತಂದ ಹೊದಿಕೆಯನ್ನು ನಿಮ್ಮ ಮನೆಯಲ್ಲಿ ಮೊದಲು ಎಲ್ಲಿ ಇಡುತ್ತೀರಿ?