ಆರೋಗ್ಯ ಪ್ರಶ್ನೋತ್ತರ: ಅಕ್ಕನ ಮಾತ್ರೆ, ತಂಗಿಯ ಉಬ್ಬಸ

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಿಂದ ಉಬ್ಬಸವಿದೆ, ಈಗೀಗ ಅಪರೂಪ. ಅಕ್ಕನಿಗೆ ಅರೆತಲೆನೋವಿಗೆಂದು ಕೊಟ್ಟಿದ್ದ ಪ್ರೊಪ್ರನೊಲಾಲ್ ಮಾತ್ರೆಯನ್ನು ಎರಡು ದಿನ ನುಂಗಿದೆ. ರಾತ್ರಿ ಎದೆ ಬಿಗಿದು ಸುಯ್ ಎನ್ನತೊಡಗಿತು. ಇದು ಮಾತ್ರೆಯಿಂದಲೇ?
– ಓದುಗರು, ಹಾವೇರಿ

ಉತ್ತರ: ಹೌದು, ಹೆಚ್ಚುಕಡಿಮೆ ಖಚಿತವಾಗಿ. ಆ ಮಾತ್ರೆಯನ್ನು ಇನ್ನು ಮುಟ್ಟಬೇಡಿ. ಬಿಗಿತ ಉಳಿದಿದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ.

ಕಾರಣ ಇದು. ಹೃದಯವನ್ನು ದುಡಿಸುವ ಅಡ್ರಿನಲಿನ್ ಎಂಬ ಹಾರ್ಮೋನು ಜೀವಕೋಶದ ಒಳಗೆ ಹೋಗುವುದಿಲ್ಲ. ಹೊರಗೋಡೆಯ ರಿಸೆಪ್ಟರ್ ಎಂಬ ಕರೆಗಂಟೆ ಒತ್ತುತ್ತದೆ, ಕೆಲಸ ಒಳಗೆ ನಡೆಯುತ್ತದೆ. ಈ ಗಂಟೆಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯಿವೆ ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಬರೆದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಕಿವಿಗೊಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಹೃದಯಕ್ಕೆ ಹೆಚ್ಚು ರಕ್ತ ಹರಿಸಲು ಎಲ್ಲರೂ ಒದ್ದಾಡುತ್ತಿದ್ದಾಗ, ಅದರ ದುಡಿಮೆಯನ್ನೇ ತಗ್ಗಿಸಿದರೆ ಹೇಗೆ ಎಂದು ಅವರು ಯೋಚಿಸಿದರು. ಮೊದಲು ಸಿಕ್ಕ ಔಷಧ ಇಲಿಗಳಲ್ಲಿ ಗೆಡ್ಡೆ ತಂದಿತು. ಅದನ್ನು ಬಿಟ್ಟು ಮುಂದುವರಿದಾಗ 1960ರ ದಶಕದಲ್ಲಿ ದಕ್ಕಿದ್ದೇ ಹೃದಯದ ಬೀಟಾ ಗಂಟೆಗೆ ಅಡ್ಡ ಕೂರುವ ಪ್ರೊಪ್ರನೊಲಾಲ್. ಆದರೆ ಬೀಟಾ ರಿಸೆಪ್ಟರ್ ಶ್ವಾಸನಾಳದಲ್ಲೂ ಇದೆ. ಅಲ್ಲಿ ಅದು ನಾಳವನ್ನು ಅಗಲಿಸುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಪಫ್ ಒತ್ತುವುದೂ ಅದನ್ನೇ. ಅಕ್ಕನ ಮಾತ್ರೆ ಅಲ್ಲೇ ಅಡ್ಡ ಕೂತರೆ ಪಫ್ ಕೂಡ ಸರಿಯಾಗಿ ನಾಟುವುದಿಲ್ಲ. ಅದೇ ಬಗೆಯ ಮೆಟೊಪ್ರೊಲಾಲ್, ಅಟೆನೊಲಾಲ್ ಹೃದಯದತ್ತ ಹೆಚ್ಚು ವಾಲುತ್ತವೆ ಅಷ್ಟೆ, ಉಬ್ಬಸದವರಿಗೆ ಅವೂ ವೈದ್ಯರನ್ನು ಕೇಳದೆ ಕೂಡದು. ಚೇತರಿಸಿಕೊಂಡ ಮೇಲೆ ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆ ಮಾಡಿಸಿ. ಹೊಸ ವೈದ್ಯರ ಹತ್ತಿರ ಹೋದಾಗ ಮೊದಲ ಮಾತೇ ‘ನನಗೆ ಉಬ್ಬಸವಿದೆ’ ಎಂದಿರಲಿ.

ಪ್ರಶ್ನೆ: ವಯಸ್ಸು 58. ಒಂದು ವರ್ಷದಿಂದ ಗ್ಯಾಸ್ಟ್ರಿಕ್. ಊಟವಾದ ಮೇಲೆ ನಡೆದರೆ ಎದೆಯುರಿ, ಎಡಭುಜಕ್ಕೂ ಹಿಡಿಯುತ್ತದೆ, ನಿಂತರೆ ಇಳಿಯುತ್ತದೆ. ಮೆಡಿಕಲ್ ಶಾಪ್‌ನಿಂದ ರ‍್ಯಾನಿಟಿಡಿನ್ ತರುತ್ತಿದ್ದೇನೆ. ಇನ್ನೂ ಪವರ್‌ಫುಲ್ ಮಾತ್ರೆ ತಿಳಿಸಿ.
– ಓದುಗರು, ದಾವಣಗೆರೆ

ಉತ್ತರ: ತಿಳಿಸುವುದಿಲ್ಲ. ಈ ಉತ್ತರವನ್ನು ಪೂರ್ತಿ ಓದುತ್ತಲೂ ಕೂರಬೇಡಿ. ಮನೆಯವರನ್ನು ಜೊತೆಗೆ ಕರೆದುಕೊಂಡು ಇವತ್ತೇ ಇಸಿಜಿ ಮಾಡಿಸಿ.

ನಮ್ಮ ಜನಕ್ಕೆ ಎದೆಯಲ್ಲಿ ಏನಾದರೂ ಗ್ಯಾಸ್ಟ್ರಿಕ್ಕೇ. ಸೋಡಾ ಕುಡಿದು, ಜೀರಿಗೆ ನೀರು ಕುಡಿದು, ತೇಗು ಬಂತು, ಸರಿಹೋಯಿತು ಎಂದು ಮಲಗಿದವರನ್ನು ನಸುಕಿನಲ್ಲಿ ತುರ್ತು ವಿಭಾಗಕ್ಕೆ ಹೊತ್ತು ತಂದದ್ದನ್ನು ಕಂಡು ಕಂಡು ನನಗೆ ಆ ಪದವೇ ಸಿಟ್ಟು ತರಿಸುತ್ತದೆ. ನಡೆದರೆ ಬರುವ, ನಿಂತರೆ ಇಳಿಯುವ ಉರಿ ಹೊಟ್ಟೆಯದಲ್ಲ ಎಂದೇ ಹಿಡಿದು ನಡೆಯಬೇಕು. ಮಲಗಿಸಿ ತೆಗೆದ ಇಸಿಜಿ ಸರಿ ಬಂದರೂ ನಂಬಿ ಕೂರಬೇಡಿ. ರಕ್ತದಲ್ಲಿ ಟ್ರೊಪೊನಿನ್ ನೋಡಬೇಕೆ, ಟ್ರೆಡ್‌ಮಿಲ್ ಪರೀಕ್ಷೆ ಬೇಕೆ ಎಂದು ಹೃದಯತಜ್ಞರು ಹೇಳಲಿ. ಕೂತಾಗಲೂ ಉರಿ ಬಂದರೆ, ಬೆವರಿದರೆ, 108ಕ್ಕೆ ಫೋನ್ ಮಾಡಿ.

ವಿಚಿತ್ರ ನೋಡಿ, ನೀವು ನುಂಗುತ್ತಿರುವ ಮಾತ್ರೆಯ ದಾರಿಯನ್ನು ತೆರೆದವರೂ ಅದೇ ಬ್ಲ್ಯಾಕ್. ಅಲರ್ಜಿಯನ್ನೂ ಹೊಟ್ಟೆಯ ಆಮ್ಲವನ್ನೂ ಕೆರಳಿಸುವ ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ ಹಳೆಯ ಅಲರ್ಜಿ ಮಾತ್ರೆಗಳು ಅಡ್ಡ ನಿಂತರೂ ಹೊಟ್ಟೆಯ ಆಮ್ಲವನ್ನು ತಡೆಯುತ್ತಿರಲಿಲ್ಲ. ಹಾಗಾದರೆ ಹೊಟ್ಟೆಯಲ್ಲಿ ಹಿಸ್ಟಮಿನ್‌ಗೆ ಬೇರೆಯೇ ರಿಸೆಪ್ಟರ್ ಇರಬೇಕು ಎಂದು ಬೆನ್ನುಹತ್ತಿದರು. ನಡುವೆ ಸಿಕ್ಕ ಮೆಟಿಯಮೈಡ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಕುಗ್ಗಿಸಿದ್ದರಿಂದ ಕೈಬಿಟ್ಟರು. 1976ರಲ್ಲಿ ಸಿಮೆಟಿಡಿನ್ ಬಂದಾಗ ಹುಣ್ಣಿಗೆ ಹೊಟ್ಟೆ ಕೊಯ್ಯಿಸಿಕೊಳ್ಳುವವರ ಸಾಲು ಕರಗತೊಡಗಿತು. ರ‍್ಯಾನಿಟಿಡಿನ್ ಅದರ ಹಿಂದೆ ಬಂದದ್ದು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಅವರು ಹೃದಯಕ್ಕೊಂದು, ಹೊಟ್ಟೆಗೊಂದು ಮದ್ದು ಕೊಟ್ಟರು. ನೀವು ಬಹುಶಃ ಹೃದಯದ ದೂರಿಗೆ ಹೊಟ್ಟೆಯ ಮದ್ದು ನುಂಗುತ್ತಿದ್ದೀರಿ.

ಹೃದಯ ಚೆನ್ನಾಗಿದೆ ಎಂದು ತಿಳಿದ ಮೇಲೂ ಎಂಡೋಸ್ಕೋಪಿ ತಪ್ಪಿಸಬೇಡಿ. ಈ ವಯಸ್ಸಿನಲ್ಲಿ ವರ್ಷಗಟ್ಟಲೆ ಆಮ್ಲ ತಗ್ಗಿಸುತ್ತ ಹೋದರೆ ಒಳಗಿನ ಹುಣ್ಣೋ ಕ್ಯಾನ್ಸರೋ ಮರೆಯಲ್ಲೇ ಬೆಳೆಯಬಹುದು.

ಪ್ರಶ್ನೆ: ಬಿಪಿ ನಾರ್ಮಲ್ ಬಂತೆಂದು ಮೆಟೊಪ್ರೊಲಾಲ್ ಬಿಟ್ಟು ನಾಲ್ಕು ದಿನವಾಯಿತು. ಎದೆ ಡವಗುಟ್ಟುತ್ತದೆ. ಮಾತ್ರೆ ಅಭ್ಯಾಸವಾಗಿಬಿಟ್ಟಿದೆಯೇ?
– ಓದುಗರು, ಕುಮಟಾ

ಉತ್ತರ: ಚಟವಲ್ಲ ಸ್ವಾಮಿ. ಬಿಪಿ ನಾರ್ಮಲ್ ಇದ್ದದ್ದು ಮಾತ್ರೆಯಿಂದ. ಬೀಟಾ ರಿಸೆಪ್ಟರ್‌ಗೆ ತಿಂಗಳುಗಟ್ಟಲೆ ಅಡ್ಡ ನಿಂತರೆ ಜೀವಕೋಶ ಇನ್ನಷ್ಟು ರಿಸೆಪ್ಟರ್ ಹುಟ್ಟಿಸಿಕೊಂಡಿರುತ್ತದೆ. ಅಡ್ಡಿಯನ್ನು ಥಟ್ಟನೆ ತೆಗೆದರೆ ಅಡ್ರಿನಲಿನ್ ಅಷ್ಟನ್ನೂ ಒತ್ತುತ್ತದೆ. ಹೃದಯನಾಳದ ಕಾಯಿಲೆ ಇದ್ದವರಿಗೆ ಇದು ಪ್ರಾಣಕ್ಕೇ ಕುತ್ತು. ಬರೆದುಕೊಟ್ಟ ವೈದ್ಯರನ್ನು ಇಂದೇ ಕಾಣಿ, ಇಸಿಜಿ ತೆಗೆಸಿ. ಬಿಡಲೇಬೇಕಿದ್ದರೆ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತ ಅವರೇ ಬಿಡಿಸುತ್ತಾರೆ.

ಪ್ರಶ್ನೆ: ಪಫ್ ತೆಗೆದುಕೊಂಡರೆ ಮಗನ ಕೈ ನಡುಗುತ್ತದೆ. ನರ ದೌರ್ಬಲ್ಯವೇ?
– ಓದುಗರು, ಮಂಡ್ಯ

ಉತ್ತರ: ಅಲ್ಲ, ಹೆದರಬೇಡಿ. ಪಫ್ ಒತ್ತುವ ಅದೇ ಬೀಟಾ ರಿಸೆಪ್ಟರ್ ಸ್ನಾಯುವಿನಲ್ಲೂ ಇದೆ. ನಡುಕ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ದಿನವೂ ಪಫ್ ಬೇಕಾಗುತ್ತಿದೆಯೇ ಎಂಬುದನ್ನು ನೀವು ಬರೆದಿಲ್ಲ. ಬೇಕಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ, ತಡೆಗಟ್ಟುವ ಸ್ಟಿರಾಯ್ಡ್ ಇನ್‌ಹೇಲರ್ ಶುರುಮಾಡಬೇಕು. ವೈದ್ಯರಲ್ಲಿಗೆ ಹೋಗುವಾಗ ಖಾಲಿ ಪಫ್ ಡಬ್ಬಿಗಳನ್ನೂ ಒಯ್ಯಿರಿ, ಎಣಿಸಲು ಬೇಕಾಗುತ್ತದೆ.